ಕಪ್ಪು ಗೆರೆಯ ಮೇಲೆ ಹಸಿ ನೀಲಿ

ನಮ್ಮ ಕೋಣೆ ಆಸ್ಪತ್ರೆಯ ನೆಲಮಾಳಿಗೆಯಲ್ಲಿದೆ. ಆಪರೇಷನ್ನಿಗೆ ಬೇಕಾದ ಕತ್ತರಿ, ಚಿಮಟಗಳನ್ನು ತೊಳೆದು, ಎರಡು ಪದರ ಬಟ್ಟೆಯಲ್ಲಿ ಸುತ್ತಿ, ಅಂಟುಪಟ್ಟಿ ಹಾಕಿ, ಆವಿಯ ಯಂತ್ರದೊಳಕ್ಕೆ ತಳ್ಳುವುದು ನನ್ನ ಕೆಲಸ. ಆ ಪಟ್ಟಿಯ ಮೇಲೆ ಮಸುಕು ಗೆರೆಗಳಿರುತ್ತವೆ. ಆವಿ ತಾಗಿದರೆ ಕಪ್ಪಾಗುತ್ತವೆ. ಗೆರೆ ಕಪ್ಪಾಗಿದ್ದರೆ ಗಂಟು ಶುದ್ಧ. ಮೇಲಿನ ಮಹಡಿಯ ಡಾಕ್ಟರುಗಳು ಅದಕ್ಕಿಂತ ಹೆಚ್ಚು ನೋಡುವುದಿಲ್ಲ. ಯಂತ್ರದ ಪ್ರತಿ ಸರದಿಗೂ ಪುಸ್ತಕದಲ್ಲಿ ಎರಡು ಸಹಿ ಬೀಳಬೇಕು: ಒಂದು ಮುಖ್ಯಸ್ಥರದು, ಇನ್ನೊಂದು ನನ್ನದು.

ಮುಖ್ಯಸ್ಥರು ನನ್ನ ಸೋದರಮಾವ. ಎಂಟಕ್ಕೆಂದರೆ ಎಂಟಕ್ಕೇ ಬರುವ ಅವರನ್ನು ಆಸ್ಪತ್ರೆಯವರು ‘ಗಡಿಯಾರ’ ಎನ್ನುತ್ತಾರೆ. ನಮ್ಮ ಚರ್ಚಿನ ಸಭೆಯಲ್ಲಿ ಅವರು ಹಿರಿಯರು. ಕರ್ತನ ಭೋಜನದ ದಿನ ದ್ರಾಕ್ಷಾರಸದ ಬಟ್ಟಲುಗಳ ತಟ್ಟೆ ಹಿಡಿದು ಸಾಲುಸಾಲಿಗೆ ಬರುವವರು. ಅಮ್ಮ ಸತ್ತಾಗ ನನಗೆ ಒಂಬತ್ತು ವರ್ಷ. ಅಂದಿನಿಂದ ಅವರ ಮನೆಯೇ ನನ್ನ ಮನೆ. ಅಕ್ಷರ, ಪ್ರಾರ್ಥನೆ, ಕೊನೆಗೆ ಈ ಕೆಲಸ, ಎಲ್ಲವೂ ಅವರಿಂದಲೇ.

ಪಟ್ಟಿಯ ಮೇಲೆ ತಾರೀಖು ಬರೆಯುವುದು ಯಂತ್ರಕ್ಕೆ ಹಾಕುವ ಮುಂಚೆ. ಆವಿಯಲ್ಲಿ ಪೆನ್ನಿನ ನೀಲಿ ಮಾಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಗುರುವಾರ ಕಪಾಟಿನಲ್ಲಿದ್ದ ಗಂಟುಗಳ ಮೇಲೆ ಗೆರೆ ಕಪ್ಪಗಿತ್ತು, ಅಕ್ಷರ ಮಾತ್ರ ಹಸಿ ನೀಲಿ. ಉಜ್ಜಿದೆ, ಬೆರಳಿಗೆ ಬಣ್ಣ ಹತ್ತಿತು. ಮಾವನ ಮೇಜಿನ ಡ್ರಾಯರಿನಲ್ಲಿ, ಹಾಡಿನ ಪುಸ್ತಕದ ಪಕ್ಕ, ಮೊದಲೇ ಕಪ್ಪಾಗಿಸಿಟ್ಟ ಪಟ್ಟಿಯ ಇಡೀ ಸುರುಳಿ ಸಿಕ್ಕಿತು.

ದೊಡ್ಡ ಯಂತ್ರ ಕೆಟ್ಟು ಐದು ವಾರವಾಗಿತ್ತು. ಚಿಕ್ಕದರಲ್ಲಿ ಅರ್ಧ ಗಂಟುಗಳೂ ಹಿಡಿಯುವುದಿಲ್ಲ. ಉಳಿದವನ್ನು ಸಂಜೆ ತಾವೇ ನೋಡಿಕೊಳ್ಳುವುದಾಗಿ ಮಾವ ಹೇಳಿದ್ದರು. ಆದರೂ ಒಂದು ಆಪರೇಷನ್ನೂ ನಿಂತಿರಲಿಲ್ಲ. ಮಾವ ಹೇಗೋ ತೂಗಿಸುತ್ತಾರೆಂದು ನಾನು ಹೆಮ್ಮೆಪಟ್ಟಿದ್ದೆ. ಸರದಿ ಪುಸ್ತಕ ತೆರೆದೆ. ಐದು ವಾರದ ಪ್ರತಿ ಸಾಲಿನಲ್ಲೂ ನನ್ನ ಸಹಿ, ಅವರು ಪುಟ ಮುಂದಿಟ್ಟಾಗಲೆಲ್ಲ ಓದದೆ ಹಾಕಿದ್ದು. ಹಿಂದಿನ ವಾರ ಹೊಟ್ಟೆಯ ಸಣ್ಣ ಆಪರೇಷನ್ನಿಗೆಂದು ನಡೆದುಕೊಂಡೇ ಬಂದಿದ್ದ ಬಸ್ ಕಂಡಕ್ಟರನೊಬ್ಬ ಗಾಯ ಕೀವಾಗಿ ಸತ್ತಿದ್ದ. ಅವನ ಹೆಂಡತಿ ಅವನ ಚಪ್ಪಲಿಗಳನ್ನು ಎದೆಗೊತ್ತಿಕೊಂಡು ಮೆಟ್ಟಿಲಿಳಿದು ಹೋಗಿದ್ದನ್ನು ನಾನು ನೋಡಿದ್ದೆ.

ತಪ್ಪು ಮಾಡಿದವರ ಬಳಿಗೆ ಮೊದಲು ಒಬ್ಬರೇ ಹೋಗಬೇಕು. ಕೇಳದಿದ್ದರೆ ಇನ್ನೊಬ್ಬರನ್ನು ಕರೆದುಕೊಂಡು. ಆಗಲೂ ಕೇಳದಿದ್ದರೆ ಸಭೆಗೆ ಹೇಳಬೇಕು. ಯೇಸು ಹಾಕಿಕೊಟ್ಟ ಈ ಕ್ರಮವನ್ನು ನನಗೆ ಬಾಯಿಪಾಠ ಮಾಡಿಸಿದವರು ಮಾವನೇ. ಒಬ್ಬಳೇ ಹೋದೆ.

“ಮಾವ, ಈ ಗಂಟುಗಳು ಆವಿಗೆ ಹೋಗಿಲ್ಲ.”

ಕನ್ನಡಕ ತೆಗೆದು ಒರೆಸಿಕೊಂಡರು. “ಯಂತ್ರ ಕೆಟ್ಟಿದೆ ಅಂತ ಮೂರು ಸಲ ಬರೆದುಕೊಟ್ಟಿದ್ದೀನಿ. ಆಪರೇಷನ್ ನಿಲ್ಲಬಾರದು ಅಂತಾರೆ ಮೇಲಿನವರು. ನಾನೇನು ಬಾಯಲ್ಲಿ ಊದಿ ಆವಿ ಮಾಡ್ಲಾ?”

“ಕಂಡಕ್ಟರ್ ಸತ್ತ.”

“ಅವನಿಗೆ ಸಕ್ಕರೆ ಕಾಯಿಲೆ ಇತ್ತು. ಎಲ್ಲದರಲ್ಲೂ ಪಾಪ ಹುಡುಕ್ಬೇಡ.”

“ಪಾಪ ಅಂತ ನಾನಿನ್ನೂ ಹೇಳಿರಲಿಲ್ಲ, ಮಾವ.”

ಅವರು ಡ್ರಾಯರಿಗೆ ಬೀಗ ಹಾಕಿ ಎದ್ದುಹೋದರು.

ಅಂದಿನಿಂದ ನೀಲಿ ಅಕ್ಷರದ ಗಂಟುಗಳನ್ನೆಲ್ಲ ಬಿಚ್ಚಿ, ಮತ್ತೆ ಸುತ್ತಿ, ಚಿಕ್ಕ ಯಂತ್ರಕ್ಕೆ ಹಾಕತೊಡಗಿದೆ. ಗಂಟುಗಳು ತಡವಾದವು, ಮೇಲಿನಿಂದ ಬೈಗುಳ ಬಂದವು. ಮಾವ ನೋಡಿಯೂ ನೋಡದಂತಿದ್ದರು. ಶುಕ್ರವಾರ ಪಾಸ್ಟರನ್ನು ಎರಡನೆಯವರಾಗಿ ಮನೆಗೆ ಕರೆತಂದೆ. ಅವರು ಮಾವನ ಮಂಡಿನೋವಿನ ಬಗ್ಗೆ ಮಾತಾಡಿದರು, ಸಭಾಮಂದಿರದ ಸೋರುವ ಮಾಡಿನ ಬಗ್ಗೆ ಮಾತಾಡಿದರು, ಕೊನೆಗೆ ಕಣ್ಣುಮುಚ್ಚಿ ದೊಡ್ಡ ಯಂತ್ರ ಬೇಗ ರಿಪೇರಿಯಾಗಲೆಂದು ಪ್ರಾರ್ಥಿಸಿದರು. ಬಾಗಿಲ ಬಳಿ ನನ್ನ ತಲೆಯ ಮೇಲೆ ಕೈಯಿಟ್ಟು, ಸತ್ಯಕ್ಕೂ ಒಂದು ಸಮಯವಿರುತ್ತದಮ್ಮ ಎಂದರು. ಶನಿವಾರ ಮಾವ ಊಟದ ತಟ್ಟೆಯಿಂದ ತಲೆಯೆತ್ತದೆ, ಸೋಮವಾರದಿಂದ ನನಗೆ ಬಟ್ಟೆ ಒಗೆಯುವ ವಿಭಾಗವೆಂದು ತಿಳಿಸಿದರು. ಅಲ್ಲಿಂದ ಕಪಾಟು ಕಾಣುವುದಿಲ್ಲ. ಸೋಮವಾರಕ್ಕೆ ಏಳು ಆಪರೇಷನ್ನುಗಳು ನಿಗದಿಯಾಗಿದ್ದವು.

ಭಾನುವಾರ ಕರ್ತನ ಭೋಜನ. ತಮ್ಮನ್ನು ತಾವು ಪರೀಕ್ಷಿಸಿಕೊಳ್ಳಿ ಎಂದು ಪಾಸ್ಟರ್ ಎಂದಿನಂತೆ ಹೇಳಿದರು. ಎಲ್ಲರೂ ಎಂದಿನಷ್ಟೇ ಹೊತ್ತು ತಲೆ ಬಗ್ಗಿಸಿದರು. ತಟ್ಟೆ ನನ್ನ ಸಾಲಿಗೆ ಬಂತು. ಮಾವನ ತೋಳಿನ ಇಸ್ತ್ರಿಯ ಗೆರೆ ನೆಟ್ಟಗಿತ್ತು. ಎದ್ದು ನಿಂತೆ.

“ಇವತ್ತು ನಿಮ್ಮ ಕೈಯಿಂದ ತಗೊಳ್ಳೋಕಾಗಲ್ಲ, ಮಾವ.”

ಮೊದಲು ನನ್ನ ಸಹಿಗಳ ಬಗ್ಗೆ ಹೇಳಿದೆ. ಆಮೇಲೆ ಸುರುಳಿಯ ಬಗ್ಗೆ, ಕಂಡಕ್ಟರನ ಬಗ್ಗೆ. ನನ್ನ ದನಿ ಪಾತ್ರೆ ಕೆರೆದಂತಿತ್ತು.

“ನಾಳೆ ಎಂಟಕ್ಕೆ ದೊಡ್ಡ ಡಾಕ್ಟರ ಹತ್ತಿರ ಹೋಗ್ತೀನಿ. ನೀವೂ ಬನ್ನಿ. ಇದು ಪಾಪ, ಮಾವ. ನಿಮ್ಮದೂ, ನನ್ನದೂ.”

ತಟ್ಟೆಯಲ್ಲಿ ಪುಟ್ಟ ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ಹಿಂದಿನ ಸಾಲಿನಿಂದ ಅತ್ತೆ ಮೆಲ್ಲಗೆ, ಯಾರಿಗೂ ಕೇಳಿಸಬಾರದೆಂಬಂತೆ ಹೇಳಿದರು: “ನಿನ್ನನ್ನ ಸಾಕಿದ ಕೈ ಕಣೇ ಅದು.”



ಮಾವ ತಟ್ಟೆಯನ್ನು ಬೆಂಚಿನ ಮೇಲಿಟ್ಟು ಹೊರಟುಹೋದರು. ಪಾಸ್ಟರ್ ಅವಸರವಾಗಿ ಹಾಡು ಶುರುಮಾಡಿದರು. ಪಕ್ಕದಲ್ಲಿ ಕೂತಿದ್ದ ಹೆಂಗಸು ತನ್ನ ಚೀಲವನ್ನು ತೊಡೆಯಿಂದೆತ್ತಿ ನಮ್ಮಿಬ್ಬರ ನಡುವೆ ಇಟ್ಟಳು.

ಮನೆಗೆ ಹೋದರೆ ಬಾಗಿಲು ಹಾಕಿತ್ತು. ನನ್ನ ಬಟ್ಟೆಗಳು ಹೊಸ್ತಿಲ ಹೊರಗಿದ್ದವು. ಅತ್ತೆ ಅವನ್ನು ಎಸೆದಿರಲಿಲ್ಲ. ಒಂದೊಂದನ್ನೂ ಅಂಚಿಗೆ ಅಂಚು ಸೇರಿಸಿ ಮಡಿಚಿದ್ದರು. ಎಸೆದಿದ್ದರೆ ಚೆನ್ನಾಗಿತ್ತು. ಚೀಲಕ್ಕೆ ತುಂಬಿಕೊಂಡು ಆಸ್ಪತ್ರೆಯ ಹಾಸ್ಟೆಲಿಗೆ ಹೋದೆ.

ಸೋಮವಾರ ದೊಡ್ಡ ಡಾಕ್ಟರ ಕೋಣೆಯ ಮುಂದಿನ ಬೆಂಚಿನಲ್ಲಿ ಕೂತೆ. ಎಂಟಾಯಿತು. ಗಡಿಯಾರ ಬರಲಿಲ್ಲ. ಇಂದಿನ ಏಳು ಜನ ಮೇಲೆ ಖಾಲಿ ಹೊಟ್ಟೆಯಲ್ಲಿ ಮಲಗಿದ್ದಾರೆ ಎಂದುಕೊಂಡು ಬಾಗಿಲು ತಟ್ಟಲು ಎದ್ದೆ.

ಆಗಲೇ, ಎಂಟೂ ಹತ್ತಕ್ಕೆ, ಮೆಟ್ಟಿಲಲ್ಲಿ ಮಾವನ ಹೆಜ್ಜೆ ಸದ್ದು ಕೇಳಿ ಮತ್ತೆ ಕೂತೆ. ಗಡ್ಡ ಹೆರೆದಿರಲಿಲ್ಲ. ಅಂಗಿಯ ಜೇಬು ಕಪ್ಪು ಪಟ್ಟಿಯ ಸುರುಳಿಯಿಂದ ಉಬ್ಬಿತ್ತು. ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ನನ್ನ ಕಡೆ ನೋಡಲಿಲ್ಲ.

“ಆ ಕಂಡಕ್ಟರನ ಮನೆ ಎಲ್ಲಿ, ಗೊತ್ತಾ?”

“ವಾರ್ಡಿನ ಪುಸ್ತಕದಲ್ಲಿ ಇರುತ್ತೆ.”

“ಹೂಂ.”

ಗುಮಾಸ್ತ ಬಾಗಿಲು ತೆರೆದು, ಯಾರು ಮೊದಲು ಎಂದು ಕೇಳಿದ. ಮಾವ ಎದ್ದರು. ಮಂಡಿ ಹಿಡಿದುಕೊಂಡಿತ್ತು, ರೂಢಿಯಂತೆ ಅವರ ಕೈ ನನ್ನ ಭುಜ ಹುಡುಕುತ್ತ ಬಂತು. ನಾನು ಅವರತ್ತ ಬಾಗಿದೆ. ಕೈ ಅರ್ಧಕ್ಕೇ ನಿಂತಿತು. ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.