ನೋಡಲು ಬಂದವಳು

ನಿವೃತ್ತ ಮುಖ್ಯೋಪಾಧ್ಯಾಯಿನಿಯೊಬ್ಬರು ಪರದೇಶದ ಸಂಸತ್ ಚುನಾವಣೆಗೆ ಅಂತರರಾಷ್ಟ್ರೀಯ ವೀಕ್ಷಕರಾಗಿ ಹೋಗಿದ್ದರು. ಶಾಲೆಯೊಂದರ ಮತಗಟ್ಟೆಯ ಮೂಲೆಯಲ್ಲಿ ಕೂತು ಎಲ್ಲವನ್ನೂ ನೋಡುವುದು, ಯಾವುದಕ್ಕೂ ಕೈಹಾಕದಿರುವುದು ಅವರ ಕೆಲಸ.

ಊರುಗೋಲಿನ ಅಜ್ಜಿಯೊಬ್ಬಳು ಒಳಗೆ ಬಂದವಳೇ ಅವರನ್ನು ದುರುಗುಟ್ಟಿ ನೋಡಿದಳು.

"ಯಾರಿವಳು? ನಾನು ಯಾರಿಗೆ ಓಟು ಹಾಕ್ತೀನಿ ಅಂತ ಇಣುಕೋಕೆ ಬಂದಿದ್ದಾಳಾ?"

ಪಕ್ಕದಲ್ಲಿದ್ದ ದುಭಾಷಿ ಹುಡುಗಿ ನಾಲಿಗೆ ಕಚ್ಚಿಕೊಂಡು ಅದನ್ನು ಮೇಡಂಗೆ ತಿಳಿಸಿದಳು.

ಮೇಡಂಗೆ ಥಟ್ಟನೆ ತಮ್ಮ ಅಮ್ಮ ನೆನಪಾದಳು. ಹಿಂದೊಮ್ಮೆ ತಮ್ಮ ದೇಶದಲ್ಲಿ ಎಷ್ಟೋ ವರ್ಷಗಳ ನಂತರ ಚುನಾವಣೆ ನಡೆದಾಗ ಅಮ್ಮನ ಜೊತೆ ಓಟು ಹಾಕಲು ಹೋಗಿದ್ದರು. ಅಲ್ಲಿ ಕೂತಿದ್ದ ಪರದೇಶಿ ವೀಕ್ಷಕನನ್ನು ಅಮ್ಮ ಹೀಗೆಯೇ ದಬಾಯಿಸಿದ್ದಳು. ಆತ ಎದ್ದು ನಿಂತು, ಹರಕುಮುರುಕು ಮಾತಿನಲ್ಲಿ, "ಇಲ್ಲಮ್ಮಾ, ಬೇರೆ ಯಾರೂ ಇಣುಕಬಾರದು ಅಂತ ಬಂದಿದ್ದೀನಿ" ಎಂದಿದ್ದ. ಅಮ್ಮ ಬದುಕಿರುವವರೆಗೂ ಮನೆಗೆ ಬಂದವರಿಗೆಲ್ಲ ಆ ಕಥೆ ಹೇಳಿ, ಅವನ ಉಚ್ಚಾರಣೆಯನ್ನು ಅಣಕಿಸಿ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು.

ಮೇಡಂ ಎದ್ದು ನಿಂತು, ದುಭಾಷಿಯ ಮೂಲಕ ಅದೇ ಮಾತನ್ನು ಹೇಳಿದರು. ಅಜ್ಜಿಯ ಮುಖ ಸಡಿಲವಾಯಿತು. ಪರದೆಯ ಹಿಂದೆ ಹೋಗಿ, ಸಾವಕಾಶವಾಗಿ ಗುರುತು ಹಾಕಿ, ಮತಪತ್ರವನ್ನು ಪೆಟ್ಟಿಗೆಗೆ ಇಳಿಸಿ, ನೇರ ಮೇಡಂ ಹತ್ತಿರ ಬಂದಳು.

"ಬೆಳಗ್ಗೆಯಿಂದ ಕೂತಿದ್ದೀಯಂತೆ ಮಗಳೇ, ಹೊಟ್ಟೆಗೇನಾದ್ರೂ ಬಿತ್ತಾ?"

ಅರವತ್ತು ದಾಟಿದ ಅವರನ್ನು ಮಗಳೇ ಎಂದು ಕರೆಯುವವರು ಈಗ ಯಾರೂ ಉಳಿದಿರಲಿಲ್ಲ. "ಆಯ್ತಮ್ಮಾ" ಎಂದು ಸುಳ್ಳು ಹೇಳಿದರು. ಅಜ್ಜಿ ಹೊರಟುಹೋದ ಮೇಲೂ ಸ್ವಲ್ಪ ಹೊತ್ತು ಅವರು ಕೂರಲೇ ಇಲ್ಲ.