ಸಂಜೆಯ ಪಾಲು

ಹಿರಿಯ ಸೊಸೆ ಕರುವಿನ ಮೂತಿಗೆ ಕಟ್ಟಿದ್ದ ಮುಳ್ಳುಕುಕ್ಕೆಯನ್ನು ಎಳೆದು ನೋಡಿದಳು. ಗಂಟು ಅವಳೇ ಹಾಕಿದ್ದು, ಹಾಗೇ ಇತ್ತು. ಮೊಳೆಗಳೂ ನೆಟ್ಟಗಿದ್ದವು, ಕರು ಕೆಚ್ಚಲಿಗೆ ಬಾಯಿ ಹಾಕಿದರೆ ಚುಚ್ಚಿಸಿಕೊಂಡ ಹಸುವೇ ಅದನ್ನು ಒದ್ದು ಓಡಿಸಬೇಕು. ಆದರೂ ಕರೆದ ಹಾಲು ಪಾತ್ರೆಯ ಅರ್ಧಕ್ಕೇ ನಿಂತಿತ್ತು.

ಚಳಿಗೆ ಹುಲ್ಲು ಸುಟ್ಟುಹೋಗುವ ಮೊದಲು ಕರುವಿಗೆ ಹಾಲು ಬಿಡಿಸಿ ಒಣಮೇವು ಕಲಿಸಬೇಕು. ಹೋದ ವರ್ಷದ ಕಡಸಿಗೂ ಅವಳೇ ಬಿಡಿಸಿದ್ದಳು. ಬಿಡಿಸಿದ ಮೇಲೆ ಪಾತ್ರೆ ತುಂಬಬೇಕಿತ್ತು. ಅಣ್ಣತಮ್ಮಂದಿರು ಮನೆಯ ನಡುವೆ ಗೋಡೆ ಎಬ್ಬಿಸಿದಾಗ, ಹಸುವನ್ನು ಸೀಳಲಾಗದೆ, ಬೆಳಗಿನ ಹಾಲು ತಮ್ಮನ ಮನೆಗೆ, ಸಂಜೆಯದು ಅಣ್ಣನ ಮನೆಗೆ ಎಂದು ಮಾತಾಗಿತ್ತು. ಬೆಳಗಿನದು ಕಡಿಮೆಯಾಗಿರಲಿಲ್ಲ. ಸಂಜೆಯದಷ್ಟೇ.

"ಕೆಚ್ಚಲಿಗೊಂದು ಬೀಗ ಹಾಕು, ಕೀ ಸೊಂಟಕ್ಕೆ ಸಿಕ್ಕಿಸ್ಕೋ," ಎಂದ ಗಂಡ.

"ನಿಮಗೆ ಹುಡುಗಾಟ. ನಿಮ್ಮ ತಮ್ಮನ ಹೆಂಡ್ತಿ ಕೊಟ್ಟಿಗೆ ಬಾಗಿಲಿಗೆ ಎಣ್ಣೆ ಬಿಟ್ಟಿದ್ದಾಳೆ, ನೋಡಿದ್ರಾ? ಇಷ್ಟು ವರ್ಷ ಕಿರ್ ಅಂತಿದ್ದದ್ದು ಈಗ ಉಸಿರೇ ಬಿಡಲ್ಲ."

"ಮಲಗಿದ ಮಗು ಏಳುತ್ತೆ ಅಂತ ಬಿಟ್ಟಿರ್ತಾಳೆ."

"ಹೌದೌದು. ಮಗುಗೋಸ್ಕರಾನೇ."

ಮರುದಿನ ಮಧ್ಯಾಹ್ನ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ಆಗಾಗ ಕಾಲು ನಿಲ್ಲಿಸಿ ಆಲಿಸುತ್ತಿದ್ದಳು. ಗೋಡೆಯಾಚೆ ಪಾತ್ರೆ ಸದ್ದಾದರೆ ಅನುಮಾನ; ಸದ್ದಾಗದಿದ್ದರೆ ಇನ್ನೂ ಅನುಮಾನ. ಯಾರದೋ ಅಂಗಿಯ ತೋಳು ತಿರುವುಮುರುವಾಗಿ ಕೂತಿತು.

ಮಾರನೆಯ ಬೆಳಿಗ್ಗೆ ನಲ್ಲಿಯ ಹತ್ತಿರ ಓರಗಿತ್ತಿ ಮಗಳ ಮುಖ ತೊಳೆಸುತ್ತಿದ್ದಳು.

"ಕೂಸಿನ ಕೆನ್ನೆ ತುಂಬ್ಕೊಂಡಿದೆ," ಎಂದಳು ಹಿರಿಯವಳು. "ಮಧ್ಯಾಹ್ನವೂ ಮೇವು ಬೀಳ್ತಿರಬೇಕು."

ಓರಗಿತ್ತಿಯ ಕೈ ನಿಂತಿತು. "ಹಾಗಂದ್ರೆ ಏನಕ್ಕ?"

"ಏನಿಲ್ಲಮ್ಮ. ಬೆಕ್ಕು ಕಣ್ಮುಚ್ಕೊಂಡು ಹಾಲು ಕುಡಿಯುತ್ತಂತೆ. ನೋಡೋರೂ ಕಣ್ಮುಚ್ಕೊಂಡಿರ್ತಾರಾ?"

ಮಗು ಒಬ್ಬರಾದ ಮೇಲೊಬ್ಬರ ಮುಖ ನೋಡಿತು. ಓರಗಿತ್ತಿ ಸೆರಗಿನಿಂದ ಅದರ ಮುಖ ಒರೆಸಿ ಎತ್ತಿಕೊಂಡಳು. "ಬೆಳಗಿನದೂ ನೀವೇ ಕರ್ಕೊಳ್ಳಿ ಅಕ್ಕ. ಈ ಹಸು ಹಾಲು ನಮಗಿನ್ನು ಬೇಡ."

'ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಹಾಗಾಯ್ತು' ಎಂದುಕೊಂಡಳು ಹಿರಿಯವಳು. ಕಣ್ಣಾರೆ ಹಿಡಿದುಬಿಡಬೇಕೆಂದು ಅಂದು ಮಧ್ಯಾಹ್ನ ಯಂತ್ರ ಬಿಟ್ಟು ಕೊಟ್ಟಿಗೆಯ ಮೇವಿನ ರಾಶಿಯ ಹಿಂದೆ ಕೂತಳು. ಮೂಗಿಗೆ ಧೂಳು ಹೋಗಿ ಸೀನು ಬಂದರೆ ಸೆರಗು ಕಚ್ಚಿ ತಡೆದಳು. ಬಾಗಿಲು ತೆರೆಯಲಿಲ್ಲ. ಯಾರೂ ಬರಲಿಲ್ಲ.

ಹಗಲಿನಲ್ಲಿ ಕಟ್ಟದೆ ಬಿಟ್ಟಿದ್ದ ಹೋದ ವರ್ಷದ ಕಡಸು, ಕೊಂಬು ಮೂಡುತ್ತಿದ್ದ ಅಷ್ಟು ದೊಡ್ಡ ಕಡಸು, ಮುಂಗಾಲು ಮಡಿಸಿ ತಾಯಿಯ ಕೆಳಗೆ ತಲೆ ತೂರಿಸಿತು. ಹಸು ಮೆಲುಕು ಹಾಕುತ್ತ ಅದರ ಬೆನ್ನು ನೆಕ್ಕಿತು. ಕುಕ್ಕೆ ಕಟ್ಟಿಸಿಕೊಂಡ ಕರು ಗೂಟದ ಪಕ್ಕ ನಿಂತು ನೋಡುತ್ತಿತ್ತು.

ಅವಳು ಎದ್ದು ಕಡಸನ್ನು ದೂರ ಎಳೆದು ಕಟ್ಟಿದಳು. ಸಂಜೆ ಕರೆದ ಹಾಲಿನಲ್ಲಿ ಒಂದು ಲೋಟ ಹಿಡಿದು ಗೋಡೆಯಾಚೆಯ ಬಾಗಿಲು ತಟ್ಟಿದಳು.

"ಆ ಕಡಸು ಕಣೇ. ಅದೇ ಕುಡೀತಿದ್ದದ್ದು. ನನ್ನ ನಾಲಿಗೆಗೆ ಬರೆ ಹಾಕಬೇಕು."

"ಹೌದಾ ಅಕ್ಕ," ಎಂದಳು ಓರಗಿತ್ತಿ. ಒಳಗೆ ಬನ್ನಿ ಎನ್ನಲಿಲ್ಲ.

ಅವಳ ಹಿಂದಿನಿಂದ ಮಗು ಇಣುಕಿತು. ಹಿರಿಯವಳು ಬಗ್ಗಿ ಲೋಟ ಚಾಚಿದಳು. "ಬಾ ಕಂದ. ದೊಡ್ಡಮ್ಮ ತಂದಿದ್ದೀನಿ, ಕುಡಿ."

ಮಗು ಹಾಲನ್ನು ನೋಡಿತು, ದೊಡ್ಡಮ್ಮನನ್ನು ನೋಡಿತು. ಆಮೇಲೆ ಎರಡೂ ಅಂಗೈಗಳಿಂದ ತನ್ನ ಕೆನ್ನೆಗಳನ್ನು ಮುಚ್ಚಿಕೊಂಡಿತು.