ತಲೆಕೆಳಗಾದ ನೊಫ್ರಿ

ಎಲ್ಲಿಂದ ಶುರು ಮಾಡಲಿ? ಗೋಡೆಯಿಂದಲೇ ಆಗಲಿ. ಅರ್ನೋ ನದಿಯ ದಂಡೆಯ ಆ ಊರಿನಲ್ಲಿ ಹಿಂದೆ ದ್ರೋಹಿ ತಪ್ಪಿಸಿಕೊಂಡರೆ ಅವನ ಚಿತ್ರವನ್ನಾದರೂ ನೇಣಿಗೆ ಹಾಕುತ್ತಿದ್ದರು: ಒಂದು ಕಾಲಿಗೆ ಹಗ್ಗ ಬಿಗಿದು, ತಲೆಕೆಳಗಾಗಿ, ಮಾರುಕಟ್ಟೆಯ ಎದುರಿನ ಗೋಡೆಯ ಮೇಲೆ ಬರೆಸಿ. ನೊಫ್ರಿ ಶತ್ರುಗಳಿಗೆ ಊರಬಾಗಿಲು ತೆಗೆದು ಓಡಿಹೋಗಿದ್ದ. ಅವನನ್ನು ಬರೆಯುವ ಕೆಲಸ ಚಿತ್ರಗಾರ ಲಾಪೊನಿಗೆ ಬಂತು. ನೊಫ್ರಿ, ಲಾಪೊನ ತಂಗಿ ತೆಸ್ಸಾಳ ಗಂಡ.

(ಇದನ್ನು ಕೊನೆಯವರೆಗೆ ಮುಚ್ಚಿಟ್ಟು ನಿಮ್ಮನ್ನು ಬೆಚ್ಚಿಬೀಳಿಸಬಹುದಿತ್ತು. ಪ್ರಯತ್ನಿಸಿದೆ, ಕೈಲಾಗಲಿಲ್ಲ.)

೧. ಮೊದಲ ಡ್ರಾಫ್ಟಿನಲ್ಲಿ ಲಾಪೊ ಕುಂಚ ಬಿಸಾಡಿ ಎದ್ದುಹೋಗುತ್ತಾನೆ. ನನಗೇನೋ ಹಿಡಿಸಿತ್ತು. ಅವನೇ ಒಪ್ಪಲಿಲ್ಲ. "ಸುಮ್ನಿರು ಮಾರಾಯ. ಆಗಲ್ಲ ಅಂದಿದ್ರೆ ಪಕ್ಕದಲ್ಲೇ ನನ್ನನ್ನೂ ನೇತುಹಾಕ್ತಿದ್ರು," ಅಂದ. ಹರಿದುಹಾಕಿದೆ.

೩. (ಎರಡನೆಯದು ಬರೀ ಅಳು.) ಗುರುತೇ ಸಿಗದ ಹಾಗೆ ಕೆಟ್ಟದಾಗಿ ಬರೆದುಬಿಡೋಣ ಎಂದುಕೊಂಡೇ ಅವನು ಏಣಿ ಹತ್ತಿದ್ದು. ಆದರೆ ಹಸಿ ಗಾರೆಯ ಮೇಲೆ ಮೊದಲ ಗೆರೆ ಬಿದ್ದದ್ದೇ ತಡ, ಕೈಗೆ ಹುರುಪು ಬಂತು. ತಲೆಕೆಳಗಾದವನ ಕೆನ್ನೆ ಕಣ್ಣಿನತ್ತ ಹೇಗೆ ಜಾರುತ್ತದೆ, ಹಣೆಯ ನರ ಹೇಗೆ ಉಬ್ಬುತ್ತದೆ, ಎಲ್ಲ ತಾನಾಗಿ ಮೂಡಿತು. ಶಿಳ್ಳೆ ಹಾಕುತ್ತ ಬರೆದ. (ಶಿಳ್ಳೆಯನ್ನು ತೆಗೆದುಬಿಡು ಎಂದು ಗೋಗರೆದ. ತೆಗೆಯಲಿಲ್ಲ.)

ಜನ ನೆರೆದರು. ಹಣ್ಣಿನವಳೊಬ್ಬಳು ಕೊಳೆತ ಅಂಜೂರ ಎಸೆದಳು. ಲಾಪೊನಿಗೆ ಮೈ ಉರಿಯಿತು, ನೊಫ್ರಿಗೆ ಬಿತ್ತೆಂದಲ್ಲ, ಬಣ್ಣ ಕೆಟ್ಟಿತೆಂದು. ಅದು ತನಗೇ ಹೊಳೆದಾಗ ಕಿವಿಯವರೆಗೂ ಮುಖ ಬಿಸಿಯಾಯಿತು.

೪. ಆಮೇಲೆ ತೆಸ್ಸಾ ಬಂದಳು, ಬ್ರೆಡ್ಡಿನ ಬುಟ್ಟಿ ಕಂಕುಳಲ್ಲಿ. ಜನ ದಾರಿ ಬಿಟ್ಟರು. ಕತ್ತು ಓರೆಮಾಡಿ ಬಹಳ ಹೊತ್ತು ನೋಡಿದಳು.

"ಚೆನ್ನಾಗಿ ಬಂದಿದೆ ಕಣೋ ಅಣ್ಣ. ನಮ್ಮ ಮದುವೇಲಿ ಚಿತ್ರ ಬರ್ದುಕೊಟ್ಯಲ್ಲ, ಅದ್ರಲ್ಲಿ ಇವ್ರು ಯಾರೋ ಬೇರೆಯವ್ರ ಥರ ಇದ್ರು."

ಲಾಪೊ ಏಣಿಯಿಂದ ಇಳಿಯಲಿಲ್ಲ. ಇಳಿದರೆ ಅವಳ ಮುಖ ನೋಡಬೇಕಿತ್ತು.

೫. ಮುಗಿಸುವುದು ಹೇಗೆ? ಮಳೆಗೆ ಚಿತ್ರ ತೊಳೆದುಹೋಯಿತು ಎಂದು ಬರೆದೆ. ಹಸಿ ಗಾರೆ ಹೀರಿದ ಬಣ್ಣ ಹಾಗೆಲ್ಲ ಹೋಗುವುದಿಲ್ಲ ಎಂದು ಲಾಪೊನೇ ತಿದ್ದಿದ, ಸ್ವಲ್ಪ ಹೆಮ್ಮೆಯಿಂದ; ತಕ್ಷಣ ತಲೆ ತಗ್ಗಿಸಿದ.

ಹಾಗಾದರೆ ನಡೆದದ್ದನ್ನೇ ಹೇಳುತ್ತೇನೆ. ನೊಫ್ರಿ ಪರವೂರಿನಲ್ಲಿ ಸತ್ತ. ಊರಿನ ಅಧಿಕಾರ ಕೈಬದಲಾಯಿತು. ಗೋಡೆಗೆ ಸುಣ್ಣ ಹೊಡೆಯಲು ಅಪ್ಪಣೆಯಾದಾಗ ಲಾಪೊ ತಾನೇ ಕೇಳಿಕೊಂಡು ಹೋದ. ಹಗ್ಗ ಅಳಿಸಿದ, ಕಾಲು ಅಳಿಸಿದ, ಎದೆ ಅಳಿಸಿದ. ಕೆಳಗಿನಿಂದ ತೆಸ್ಸಾಳ ದನಿ ಬಂತು.

"ಮುಖ ಬಿಡೋ. ಇವ್ರ ಮುಖ ಅಂತ ನನಗಿರೋದು ಅದೊಂದೇ."

ಸುಣ್ಣ ಮೊಣಕೈಗೆ ಇಳಿಯುತ್ತಿದೆ. ಅಳಿಸಲೋ ಬಿಡಲೋ ಎಂದು ಲಾಪೊ ಕೇಳುತ್ತಿರುವುದು ನನ್ನನ್ನು. ನಾನು ನಿಮ್ಮನ್ನು ನೋಡುತ್ತಿದ್ದೇನೆ.